ತೆರೆ ಮೇಲಿನ ರೊಟ್ಟಿ ಬಡಿದ ಕೈ ಯಾರದು?

ಮೊದಲೇ ಒಂದು ಗುಟ್ಟು ಬಿಟ್ಟುಕೊಡುತ್ತೇನೆ. ಸಿನಿಮಾಕ್ಕೆ ಹೋದರೆ ನೀವು ಏನು ನೋಡ್ತೀರಿ? ಹೀರೋನ ಫೈಟು, ಹೀರೋಯಿನ್ನಿನ ಡ್ಯಾನ್ಸು, ಇಲ್ಲಾಂದ್ರೆ ಕಾಮಿಡಿ. ನಾನು ನೋಡೋದು ತಟ್ಟೆ! ಹೌದು, ಊಟದ ತಟ್ಟೆ. ತೆರೆ ಮೇಲೆ ಯಾರಾದರೂ ಉಣ್ಣಲಿಕ್ಕೆ ಕೂತರೆ ಸಾಕು, ಕತೆ ಎಲ್ಲಿಗೆ ಬಂತು ಅನ್ನೋದೇ ನನಗೆ ಮರೆತುಹೋಗುತ್ತದೆ. ತಟ್ಟೆಯೊಳಗೆ ಏನದ? ಎಷ್ಟದ? ಹೀರೋ ಖರೇ ನುಂಗಿದನೋ, ಬರೀ ಬಾಯಿ ಆಡಿಸಿದನೋ? ಹೊಟ್ಟೆಬಾಕ ಅನ್ರಿ, ಬೇಜಾರಿಲ್ಲ. ನಮ್ಮವ್ವ ದಿನಾ ಅಂತಾಳೆ.

ನಮ್ಮೂರು ಚಿಮ್ಮನಚೋಡ. 'ಎಲ್ಲಪ್ಪಾ ಅದು?' ಅಂತ ಗಾಂಧಿನಗರದಲ್ಲಿ ನನ್ನನ್ನು ಕೇಳದವರಿಲ್ಲ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು. ಈ ಕಡೆ ಬೀದರ, ಆ ಕಡೆ ತೆಲಂಗಾಣ. ಹಾಗಾಗಿ ನಮ್ಮ ಕಡೆ ಹುಡುಗರಿಗೆ ರಾಜಣ್ಣನೂ ಬೇಕು, ಎನ್‌ಟಿಆರೂ ಬೇಕು. 1957ರ ತೆಲುಗು 'ಮಾಯಾಬಜಾರ್'ನಲ್ಲಿ ಘಟೋತ್ಕಚನಾದ ಎಸ್.ವಿ. ರಂಗಾರಾವ್ ಮದುವೆ ಊಟದ ಮುಂದೆ ಕೂತು ಲಾಡುಗಳನ್ನು ಬಾಯಿಗೆ ಹಾರಿಸಿಕೊಳ್ಳುತ್ತಾರಲ್ಲ, ಅದನ್ನು ಟಿ.ವಿ.ಯಲ್ಲಿ ಮೊದಲ ಸಲ ನೋಡಿದಾಗ ನನಗೆ ಏಳೋ ಎಂಟೋ ವಯಸ್ಸು. ನಾನು ನಟನಾಗಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ನಟನೆ ಮೇಲಿನ ಆಸೆಯಿಂದಲ್ಲ ಸ್ವಾಮಿ, ಲಾಡಿನ ಆಸೆಯಿಂದ!

ಕನ್ನಡದಲ್ಲೂ ತಿನ್ನೋ ದೃಶ್ಯಗಳಿಗೆ ಬರವಿಲ್ಲ. ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ನೋಡಿದವರಿಗೆ ಲೋಕನಾಥ್ ಅವರ ಉಪ್ಪಿನಕಾಯಿ ಮರೆಯೋದುಂಟೆ? 2018ರ ಕೊನೆಯ ದಿನ ಆ ಹಿರಿಯರು ತೀರಿಕೊಂಡಾಗಲೂ ಜನ ನೆನೆಸಿಕೊಂಡದ್ದು 'ಉಪ್ಪಿನಕಾಯಿ ಲೋಕನಾಥ್' ಅಂತಲೇ. ನೂರಾರು ಪಾತ್ರ ಮಾಡಿದ ಕಲಾವಿದನಿಗೆ ಒಂದು ಉಪ್ಪಿನಕಾಯಿ ಬಿರುದು ಕೊಟ್ಟಿತು ನೋಡ್ರಿ. ಇನ್ನು 'ಸಂಸ್ಕಾರ' (1970)... ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಅದರ ಸಂಸ್ಕಾರ ಆಗೋ ತನಕ ಯಾರೂ ಉಣ್ಣೋ ಹಾಗಿಲ್ಲ. ದೊಡ್ಡವರು ಅದರಲ್ಲಿ ಧರ್ಮ, ಜಾತಿ ಅಂತ ಏನೇನೋ ಕಂಡಿದ್ದಾರೆ, ಇರಬಹುದು. ನನಗೆ ಕಂಡದ್ದು ಹಸಿವು. ಪ್ರಕಾಶ್ ರೈ ಅವರ 'ಒಗ್ಗರಣೆ' (2014)ಯಂತೂ ನಮ್ಮಂಥವರಿಗೇ ಮಾಡಿದ್ದು. ತಿನ್ನೋ ಚಪಲದಿಂದಲೇ ಇಬ್ಬರು ನಡುವಯಸ್ಸಿನವರು ಪ್ರೀತಿಗೆ ಬೀಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಿ ಕೂತಿದ್ದೆ, ಇಂಟರ್‌ವಲ್‌ವರೆಗೆ ತಡೆಯೋದೇ ಕಷ್ಟವಾಯಿತು.

ಆದರೆ ಒಂದು ತಕರಾರು ಇದೆ. ತೆರೆ ಮೇಲೆ ಬರೋದು ಇಡ್ಲಿ, ದೋಸೆ, ಮುದ್ದೆ, ಸಾರು. ಬೇಡ ಅನ್ನೋದಿಲ್ಲ, ಎಲ್ಲವೂ ನನಗೆ ಪ್ರೀತಿಯೇ. ನಮ್ಮ ರೊಟ್ಟಿ ಯಾವಾಗ ಬರುತ್ತದೆ? ಕಾಮಿಡಿ ಟ್ರ್ಯಾಕಿನಲ್ಲಿ! ರುಮಾಲು ಸುತ್ತಿದವನೊಬ್ಬ 'ಏನ್ರೀ ಯಪ್ಪಾ' ಅಂತ ಬರುತ್ತಾನೆ, ಗಂಟು ಬಿಚ್ಚುತ್ತಾನೆ, ರೊಟ್ಟಿ ಕಟಕ್ ಅಂತ ಮುರಿಯುತ್ತಾನೆ, ಥಿಯೇಟರ್ ನಗುತ್ತದೆ. ಮುಗೀತು. ನಾಗಾಭರಣರ 'ನಾಗಮಂಡಲ' (1997)ದಂಥ ಒಂದೆರಡು ಚಿತ್ರಗಳಲ್ಲಿ ನಮ್ಮ ಮಾತು ಮರ್ಯಾದೆಯಿಂದ ಕೇಳಿಸಿತು. ನಮ್ಮ ಊಟ ಅಷ್ಟು ಮರ್ಯಾದೆಯಿಂದ ಕಾಣಿಸಿದ್ದು ಎಲ್ಲಿ? ನೀವು ನೋಡಿದ್ದರೆ ಹೇಳ್ರಿ, ಟಿಕೆಟು ತಗೊಂಡು ಓಡುತ್ತೇನೆ.

ನನ್ನ ನಾಲಿಗೆಯ ದಿನಚರಿ

ಬೆಳಿಗ್ಗೆ ನನಗೆ ಸುಸಲಾ-ಮಿರ್ಚಿ ಬೇಕೇ ಬೇಕು. ಚುರುಮುರಿ ನೀರಲ್ಲಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿದರೆ ಸುಸಲಾ. ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಭಜಿ. ಕಲಬುರಗಿ ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿ ಮುಂದೆ ನಿಂತು, ಪೇಪರಿನ ಮೇಲೆ ಹಾಕಿಸಿಕೊಂಡು, ಬಾಯಿ ಸುಟ್ಟುಕೊಂಡು ತಿನ್ನಬೇಕು. ಪ್ಲೇಟು-ಚಮಚ ಕೊಟ್ಟರೆ ರುಚಿ ಅರ್ಧ ಹೋಯಿತು. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಇಲ್ಲೊಂದು ತಮಾಷೆ. ನಾವು ಸೇಡಂ ದಾರಿ ಹಿಡಿದು ಕಲಬುರಗಿಗೆ ಹೊರಟರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಊರು. 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಅಷ್ಟು ದೊಡ್ಡ ಚಕ್ರವರ್ತಿ, ಆದರೆ ಪಾಪ, ಒಂದು ಮಿರ್ಚಿ ಭಜಿ ತಿಂದವನಲ್ಲ! ಅವನು 9ನೇ ಶತಮಾನದವನು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಹಡಗುಗಳು ಬಂದ ಮೇಲೆ. ಬಸ್ಸು ಮಳಖೇಡ ದಾಟುವಾಗೆಲ್ಲ ನನಗೆ ಅವನ ಮೇಲೆ ಕನಿಕರ ಬರುತ್ತದೆ.

ಮಧ್ಯಾಹ್ನ ಕೈಯಲ್ಲಿ ನೂರು ರೂಪಾಯಿ ಇದ್ದರೆ ತಹರಿ. ಅರಿಶಿನ ಬಣ್ಣದ ಅನ್ನ, ಒಳಗೆ ಮಟನ್ ತುಂಡು, ಮೇಲೊಂದಿಷ್ಟು ಶೇರ್ವಾ. ಬಿರಿಯಾನಿಯ ಬಡ ತಮ್ಮ ಅಂತ ಬೆಂಗಳೂರಿನವರು ಮೂಗು ಮುರಿಯುತ್ತಾರೆ. ಬಿರಿಯಾನಿಗೆ ಮೇಕಪ್ಪು ಜಾಸ್ತಿ, ತಹರಿಗೆ ಮೇಕಪ್ಪಿಲ್ಲ. ನನಗೆ ಮೇಕಪ್ಪಿಲ್ಲದ ಮುಖವೇ ಇಷ್ಟ!

ಖಾನಾವಳಿ ಒಳ್ಳೇದೋ ಕೆಟ್ಟದ್ದೋ ಅಂತ ತಿಳಿಯಲು ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ಪಲ್ಯ ನೋಡಬ್ಯಾಡ್ರಿ, ಸಾರು ನೋಡಬ್ಯಾಡ್ರಿ. ಕೂತ ಕೂಡಲೇ ಕೇಳದೆ ಏನು ಬಂತು ನೋಡ್ರಿ. ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಸೌತಿಕಾಯಿ, ಶೇಂಗಾ ಹಿಂಡಿ, ಅದರ ಮೇಲೊಂದು ಗುಂಡಿ ಮಾಡಿ ಎಣ್ಣೆಯೋ ಮೊಸರೋ... ಇಷ್ಟು ಬಂದರೆ ಆ ಮಾಲೀಕ ದೇವರಂಥವನು. 'ರೊಟ್ಟಿ ಎಷ್ಟಾದವು?' ಅಂತ ಉಣ್ಣೋ ನಡುವೆ ಬೆರಳು ಮಡಿಚಿ ಎಣಿಸೋಕೆ ಬಂದನೋ, ಮತ್ತೆ ಆ ಕಡೆ ಕಾಲಿಡಬ್ಯಾಡ್ರಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಮಣೆ ಹಾಕಿ ಉಣಬಡಿಸುವ ಖಾನಾವಳಿಗಳನ್ನು ನಾನು ಕಂಡಿದ್ದೇನೆ. ಬೇಸಿಗೆಯಲ್ಲಿ ಆ ತಂಪು ಕಲ್ಲಿನ ಮೇಲೆ ಕೂತು ಪುಂಡಿಪಲ್ಯ ಉಂಡವನಿಗೆ ಏಸಿ ಹೋಟೆಲು ಯಾಕೆ?

ಪುಂಡಿಪಲ್ಯ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಹುಳಿ ಸೊಪ್ಪು, ಜೊತೆಗೆ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಒಗ್ಗರಣೆ. ನಿನ್ನೆಯದು ಇವತ್ತಿಗೆ ಇನ್ನೂ ರುಚಿ. ಎಳ್ಳಮಾಸಿಗೆ ಹೊಲದಲ್ಲಿ ಕೂತು ತಿನ್ನೋ ಭಜ್ಜಿಯದೂ ಇದೇ ದರ್ಜೆ. ಎಣ್ಣೆಯಲ್ಲಿ ಕರಿದ ಭಜಿ ಅಲ್ಲ ಮತ್ತೆ! ಹತ್ತಾರು ಸೊಪ್ಪು, ಹಸಿ ತೊಗರಿಕಾಳು, ಅವರೆಕಾಳು, ಗಜ್ಜರಿ, ಬದನೆಕಾಯಿ ಎಲ್ಲ ಒಂದೇ ಗಡಿಗೆಯಲ್ಲಿ ಬೇಯುವ ಭಜ್ಜಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅದಕ್ಕೆ ಜೋಡಿ. ಸೂಪರ್ ಹಿಟ್ ಜೋಡಿ!

ಬೇಳೆ ಕಾಣದ ವರ್ಷ

ಇಷ್ಟೆಲ್ಲ ಬಾಯಿ ಚಪ್ಪರಿಸುವವನು ಪಿಯುಸಿ ಯಾಕೆ ಬಿಟ್ಟ ಅಂತ ಕೇಳ್ತೀರಿ. ಅದಕ್ಕೂ ಊಟಕ್ಕೂ ಸಂಬಂಧ ಇದೆ.

ನಮ್ಮದು ತೊಗರಿಯ ನಾಡು. 2019ರಲ್ಲಿ ಗುಲ್ಬರ್ಗ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ನಮ್ಮಪ್ಪನದು ನಾಲ್ಕು ಎಕರೆ, ಮಳೆ ನಂಬಿದ ಹೊಲ. 2015ರಲ್ಲಿ ಮಳೆ ಕೈಕೊಟ್ಟಿತು. ಗಿಡ ಮೊಣಕಾಲುದ್ದ ಬೆಳೆದು ನಿಂತುಬಿಟ್ಟವು. ಅದೇ ವರ್ಷದ ಅಕ್ಟೋಬರಿನಲ್ಲಿ ಪೇಟೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಹಿಂದಿನ ಸುಗ್ಗಿಯ ತೊಗರಿಯನ್ನು ನಮ್ಮಪ್ಪ ಜನವರಿಯಲ್ಲೇ ಮಾರಿ ಸಾಲ ಕಟ್ಟಿದ್ದ. ಬೆಳೆದವನ ಮನೆಯಲ್ಲಿ ಬೇಳೆ ಇಲ್ಲ!

ನನಗೆ ಎಲ್ಲಕ್ಕಿಂತ ಇಷ್ಟ ಅವ್ವನ ಖಾರಬ್ಯಾಳಿ. ಗಟ್ಟಿ ಬೇಳೆ, ಮಸಾಲಿ ಖಾರ, ಮೇಲೆ ಬಳ್ಳೊಳ್ಳಿ ಘಮ. ಆ ವರ್ಷ ಅದು ದಿನಾ ತೆಳ್ಳಗಾಗುತ್ತಾ ಬಂತು. ಮೊದಲು ಗಟ್ಟಿ, ಆಮೇಲೆ ಸಾರು, ಆಮೇಲೆ ಬಟ್ಟಲಿನ ತಳ ಕಾಣೋ ನೀರು. ಅನ್ನಭಾಗ್ಯದ ಅಕ್ಕಿ ಇತ್ತು, ಹೊಟ್ಟೆಗೆ ಮೋಸವಿರಲಿಲ್ಲ. ಆದರೆ ಒಂದಿನ ನಾನು 'ಇದೇನವ್ವ, ಬ್ಯಾಳಿ ಎಲ್ಲಿ?' ಅಂದುಬಿಟ್ಟೆ. ಅವ್ವ ಏನೂ ಅನ್ನಲಿಲ್ಲ. ಅಪ್ಪ ತಟ್ಟೆಯಿಂದ ಕೈ ತೆಗೆದ. ಆ ಮಾತು ಆಡಬಾರದಿತ್ತು ಅಂತ ಇವತ್ತಿಗೂ ಅನಿಸುತ್ತದೆ. ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟು ಆ ಚಳಿಗಾಲದಲ್ಲೇ ಬೆಂಗಳೂರಿನ ಬಸ್ಸು ಹತ್ತಿದೆ. ಒಂದು ಮೆಸ್ಸಿನಲ್ಲಿ ಬಡಿಸುವ ಕೆಲಸ. ಊಟ ಪುಕ್ಕಟೆ ಅಂದರು, ಅದಕ್ಕೇ ಒಪ್ಪಿದೆ.

ಮರುವರ್ಷ ಮಳೆ ಚೆನ್ನಾಗಿ ಬಂತು, ತೊಗರಿಯೂ ರಾಶಿ ರಾಶಿ ಬಂತು. ಆಗ ಬೆಲೆ ಬಿತ್ತು! ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ, ಪೇಟೆಯಲ್ಲಿ ಅದಕ್ಕಿಂತ ಕಮ್ತಿ. 2017ರ ಶುರುವಿನಲ್ಲಿ ಖರೀದಿ ಕೇಂದ್ರದ ಮುಂದೆ ಚೀಲಗಳ ಮೇಲೆ ಅಪ್ಪ ರಾತ್ರಿ ಮಲಗಿದ. ಆಮೇಲೆ 2022ರಲ್ಲಿ ನೆಟೆ ರೋಗ ಬಂದು ನಿಂತ ಗಿಡ ನಿಂತಂತೆಯೇ ಒಣಗಿದವು. ಹೊಲದ ಕತೆ ಸಾಕು. ನೀವು ಸಿನಿಮಾ ಪತ್ರಿಕೆ ಕೊಂಡಿದ್ದೀರಿ.

ಶೂಟಿಂಗ್ ಊಟ

ಮೆಸ್ಸಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಸಹಾಯಕ ನಿರ್ದೇಶಕರಿಂದ ನನಗೆ ಶೂಟಿಂಗ್ ನೋಡೋ ಹುಚ್ಚು ಹತ್ತಿತು, ಆಮೇಲೆ ಅದನ್ನು ಬರೆಯೋ ಹುಚ್ಚು. ಬರೆದದ್ದಕ್ಕೆ ಸಿಗೋ ಕಾಸು ಎಷ್ಟು ಅಂತ ಕೇಳಬೇಡಿ. ಆದರೆ ಸೆಟ್ಟಿನಲ್ಲಿ ಊಟ ಸಿಗುತ್ತದೆ! ಪ್ರೊಡಕ್ಷನ್ ಹುಡುಗರ ಜೊತೆ ದೋಸ್ತಿ ಇದ್ದರೆ ಎರಡನೇ ಸಲವೂ ಸಿಗುತ್ತದೆ. ಅಲ್ಲಿನ ಊಟಕ್ಕೂ ಜಾತಕ ಉಂಟು. ಹೀರೋ ಊಟ ಕ್ಯಾರವಾನಿಗೆ ಡಬ್ಬಿಯಲ್ಲಿ ಹೋಗುತ್ತದೆ, ನಿರ್ದೇಶಕರ ಟೇಬಲ್ಲಿಗೆ ಒಂದು ಪಲ್ಯ ಹೆಚ್ಚು, ಜೂನಿಯರ್ ಕಲಾವಿದರದು ಬಿಸಿಲಿನಲ್ಲಿ ಕ್ಯೂ. ಅನ್ನ ಎಲ್ಲರಿಗೂ ಒಂದೇ ಹಂಡೆಯದು ಅಂತ ಹೇಳೋರು ಆ ಕ್ಯೂನಲ್ಲಿ ನಿಂತಿಲ್ಲ.

ಕ್ಯೂ ಅಂದಾಗ ಒಂದು ನೆನಪಾಯಿತು. 2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್, ಹೋದರು. ತಿನ್ನೋದರಲ್ಲೂ ತಿನ್ನಿಸೋದರಲ್ಲೂ ಅವರಿಗಿದ್ದ ಪ್ರೀತಿ ಎಲ್ಲರಿಗೂ ಗೊತ್ತು. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೆಲ್ಲ ಊಟ ಹಾಕಿದರು. ನಾನೂ ಕ್ಯೂನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಆಟೋ ಡ್ರೈವರು ಒಬ್ಬರು ಎಲೆ ಮುಂದೆ ಕೂತು ಒಂದು ತುತ್ತು ಎತ್ತಿ ಹಾಗೇ ಕೆಳಗಿಟ್ಟರು. 'ಬಾಸ್ ಊಟ ಕಣ್ರೀ, ಬಿಡಬಾರದು' ಅಂತ ತಾವೇ ಹೇಳಿಕೊಂಡು ಮತ್ತೆ ಎತ್ತಿದರು. ನನ್ನ ಇಷ್ಟು ವರ್ಷದ ತಿಂಡಿಪೋತತನದಲ್ಲಿ ರುಚಿ ಏನಿತ್ತು ಅಂತ ನೆನಪಿಲ್ಲದ ಊಟ ಅದೊಂದೇ.

ಆ ಕೈ

ಈಗ ವಿಷಯಕ್ಕೆ ಬರುತ್ತೇನೆ. ಮರುವರ್ಷ, 2022ರ ಚಳಿಗಾಲ. ಬೆಂಗಳೂರಿನ ಹೊರವಲಯದಲ್ಲಿ ಒಂದು ಚಿತ್ರೀಕರಣ ಭರದಿಂದ ಸಾಗಿತ್ತು. ಚಿತ್ರದ ಹೆಸರು ಬೇಡ, ನಿರ್ದೇಶಕರು ಒಳ್ಳೆಯವರು. ಕತೆ ನಡೆಯೋದು 'ಉತ್ತರ ಕರ್ನಾಟಕದ ಒಂದು ಹಳ್ಳಿ'. ದೃಶ್ಯ ಏನಪ್ಪಾ ಅಂದರೆ, ನಾಯಕಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ, ನಾಯಕ ಬಾಗಿಲಲ್ಲಿ ನಿಂತು ನೋಡುತ್ತಾನೆ. ಮಾತಿಲ್ಲ, ಬರೀ ರೊಟ್ಟಿಯ ಸಪ್ಪಳ. ಕೇಳಿಯೇ ನನಗೆ ರೋಮಾಂಚನ!

ಸೆಟ್ಟಿಗೆ ಹೋಗಿ ನೋಡಿದರೆ ಒಲೆ ಪಕ್ಕ ಲಟ್ಟಣಿಗೆ. ಲಟ್ಟಣಿಗೆ! ಪಕ್ಕದಲ್ಲಿ ಎಂದೋ ತಂದಿಟ್ಟ ಜೋಳದ ಹಿಟ್ಟಿನ ಪ್ಯಾಕೆಟ್ಟು. ತಣ್ಣೀರಲ್ಲಿ ಕಲಸಿದ ಹಿಟ್ಟು ನಾಯಕಿಯ ಕೈಯಲ್ಲಿ ಮಣ್ಣಿನ ಹಾಗೆ ಒಡೆಯುತ್ತಿದೆ. ಪಾಪ, ಆ ಹುಡುಗಿಯ ತಪ್ಪೇನಿಲ್ಲ. ಐದು ಟೇಕ್ ಆಯಿತು, ಆರಾಯಿತು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. 'ಏನ್ರೀ, ನೀವು ಆ ಕಡೆಯವರಲ್ವಾ, ಸ್ವಲ್ಪ ಹೇಳ್ರೀ' ಅಂತ ನನ್ನನ್ನು ಕರೆದರು. ನನಗೆ ತಿನ್ನೋದು ಗೊತ್ತು, ಬಡಿಯೋದು ಎಲ್ಲಿ ಗೊತ್ತು?

ಆಗ ಜೂನಿಯರ್ ಕಲಾವಿದರ ಗುಂಪಿನಿಂದ ಒಬ್ಬ ಹೆಂಗಸು ಎದ್ದು ಬಂದರು. ಐವತ್ತು ದಾಟಿರಬೇಕು. ಇಲಕಲ್ ಸೀರೆ, ಕೈ ತುಂಬ ಹಸಿರು ಬಳೆ. ಬೆಳಗಿನಿಂದ ಬಾವಿ ಕಟ್ಟೆ ಹತ್ತಿರ ಕೊಡ ಹೊತ್ತು ಹಿಂದೆ ಮುಂದೆ ನಡೆಯುವ ಕೆಲಸ ಅವರದು.

'ಯಾ ಊರ್ ತಮ್ಮಾ ನಿಂದು?'

'ಚಿಮ್ಮನಚೋಡ ಯಕ್ಕಾ.'

'ಹೌದಾ! ನಾ ಸೇಡಂ ಕಡಿಯಾಕಿ. ಇವರಿಗಿ ಹೇಳು, ಈ ಹಿಟ್ಟಿಗಿ ಜಿಗಿನೇ ಇಲ್ಲ. ಹೊಸಾ ಹಿಟ್ ತರಸ್ರಿ. ಎಸರ ಕುದಿಬೇಕು, ತಣ್ಣೀರಾಗ ಎಲ್ಲಿ ಆಗ್ತದ?'

ಪ್ರೊಡಕ್ಷನ್ ಹುಡುಗ ಬೈಕ್ ಹತ್ತಿ ಹೋಗಿ ಗಿರಣಿಯಲ್ಲಿ ಬೀಸಿಸಿ ತಂದ. ಅಕ್ಕ ಕುದಿಯೋ ನೀರು ಸುರಿದರು, ಹಿಟ್ಟು ನಾದಿದರು. ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗಲ್ಲ, ಅದನ್ನು ಹಿಡಿದಿಡೋದು ಬಿಸಿನೀರು ಮತ್ತು ಕೈಯ ರಟ್ಟೆ. ಆಮೇಲೆ ಶುರುವಾಯಿತು ನೋಡ್ರಿ, ಟಪ್ ಟಪ್ ಟಪ್ ಟಪ್... ಒಂದೇ ಲಯ. ಬಳೆಗಳ ಸಪ್ಪಳ ಅದರ ನಡುವೆ ತಾಳ ಹಾಕಿದ ಹಾಗೆ. ರೊಟ್ಟಿ ತಿರುಗುತ್ತಾ ತಿರುಗುತ್ತಾ ಅಗಲವಾಯಿತು, ಹಂಚಿಗೆ ಬಿತ್ತು, ಮೇಲೆ ನೀರು ಸವರಿದ ಬಟ್ಟೆ ಆಡಿತು, ಮಗುಚಿ ಹಾಕಿದ ಮೇಲೆ ಕೆಂಡದ ಹತ್ತಿರ ಪೂರಿ ಹಾಗೆ ಉಬ್ಬಿತು. ಸೆಟ್ಟಿನಲ್ಲಿ ಎಲ್ಲರೂ ಸುಮ್ಮನಾಗಿದ್ದರು. ಲೈಟ್ ಹುಡುಗರು ಕೂಡ!

ಸೌಂಡ್ ರೆಕಾರ್ಡಿಸ್ಟ್ ಮೈಕ್ ಹಿಡಿದು ಓಡಿ ಬಂದರು. ಕ್ಯಾಮೆರಾ ಹತ್ತಿರ ಬಂತು. ಅಕ್ಕನ ಕೈ ಮಾತ್ರ ಹತ್ತಿರದಿಂದ, ನಾಯಕಿಯ ಮುಖ ಬೇರೆ. ಎರಡನ್ನೂ ಸೇರಿಸಿದರೆ ದೃಶ್ಯ. ಇದು ಚಿತ್ರರಂಗದ ರೂಢಿ, ಫೈಟಿಗೆ ಡ್ಯೂಪ್ ಇದ್ದ ಹಾಗೆ ರೊಟ್ಟಿಗೂ ಡ್ಯೂಪ್. ಶಾಟ್ ಓಕೆ ಆದ ಮೇಲೂ ಅಕ್ಕ ನಿಲ್ಲಿಸಲಿಲ್ಲ. ಉಳಿದ ಹಿಟ್ಟು ಕೆಡಸೋದು ಯಾಕೆ ಅಂತ ಮೂವತ್ತು ರೊಟ್ಟಿ ಬಡಿದರು. ತಮ್ಮ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದರು. ನಾಯಕ ಕ್ಯಾರವಾನಿನ ಡಬ್ಬಿ ಬಿಟ್ಟು ಬಂದು ಕೆಳಗೆ ಕೂತ. ಅವತ್ತು ಮಾತ್ರ ಆ ಸೆಟ್ಟಿನಲ್ಲಿ ಊಟಕ್ಕೆ ಒಂದೇ ಪಂಕ್ತಿ. ನನ್ನ ಪಾಲಿಗೆ ಬಂದದ್ದು ಒಂದೂವರೆ ರೊಟ್ಟಿ. ಅರ್ಧವನ್ನು ಅಕ್ಕನೇ ತಮ್ಮ ತಟ್ಟೆಯಿಂದ ಮುರಿದು ಕೊಟ್ಟರು.

ಸಂಜೆ ಪೇಮೆಂಟಿನ ಹೊತ್ತಿಗೆ ಅವರಿಗೆ ಸಿಕ್ಕಿದ್ದು ಕೊಡ ಹೊತ್ತಷ್ಟೇ ಕೂಲಿ. ರೊಟ್ಟಿಗೆ ಬೇರೆ ಲೆಕ್ಕ ಇಲ್ಲವಂತೆ. ನಾನು ಮ್ಯಾನೇಜರ ಹತ್ತಿರ ಹೋಗಿ ಕೇಳಿದೆ. ಅವರು ನಕ್ಕು, 'ರೊಟ್ಟಿ ಎಲ್ಲಾ ಹೆಂಗಸರೂ ಮಾಡ್ತಾರೆ ಬಿಡ್ರೀ' ಅಂದರು. ಬೆಳಗಿನಿಂದ ಆರು ಟೇಕ್ ಹಾಳಾದದ್ದು ಅವರಿಗೆ ಆಗಲೇ ಮರೆತಿತ್ತು.

ಅಕ್ಕನಿಗೆ ಬೇಸರ ಕೂಲಿಯದಲ್ಲ. 'ತಮ್ಮಾ, ಸಿನಿಮಾ ಬಂದಾಗ ನಮ್ ಕಡಿ ಮಂದಿಗಿ ಹೇಳು, ಆ ಕೈ ನಂದ ಅಂತ' ಅಂದರು. ಆಗಲಿ ಅಂದೆ. ಅವತ್ತಿನಿಂದ ಈವರೆಗೆ ಅವರನ್ನು ಮತ್ತೆ ಕಂಡಿಲ್ಲ.

ಈಗ ಕಲಬುರಗಿ ರೊಟ್ಟಿಗೆ ಒಳ್ಳೆಯ ಕಾಲ ಬಂದಿದೆ ಅಂತಾರೆ. ಜಿಲ್ಲಾಡಳಿತದವರು ಸ್ವಸಹಾಯ ಸಂಘಗಳ ಹೆಂಗಸರನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಅಂತ ಬ್ರಾಂಡೇ ಮಾಡಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲೂ ಅದನ್ನು ಹೇಳಿದರು. ಕೇಳಿ ಹಿಗ್ಗಿದೆ. ಬಡಿದ ಕೈಗೆ ಅಷ್ಟಿಷ್ಟು ಕಾಸು ಬರುವುದಾದರೆ ಯಾಕೆ ಬೇಡ? ನಮ್ಮ ಮನೆಯಲ್ಲಂತೂ ಅವ್ವನ ಭುಜ ನೋವು, ದಿನಕ್ಕೆ ಇಪ್ಪತ್ತು ಬಡಿಯುತ್ತಿದ್ದವಳು ಈಗ ನಾಲ್ಕಕ್ಕೆ ಸಾಕು ಅಂತಾಳೆ. ಉಳಿದದ್ದು ಅನ್ನ. ನಾನು ಊರಿಗೆ ಹೋದ ದಿನ ಮಾತ್ರ ಎಂಟಾಗುತ್ತವೆ. 'ಬ್ಯಾಡವ್ವ' ಅಂತ ಬಾಯಿ ಹೇಳುತ್ತದೆ, ಕೈ ಹಂಚಿನ ಕಡೆ ಹೋಗುತ್ತದೆ. ಕೆಟ್ಟ ನಾಲಿಗೆ!

ಆ ಚಿತ್ರ ಮರುವರ್ಷ ಬಿಡುಗಡೆಯಾಯಿತು. ಒಂದು ವಾರವೂ ಓಡಲಿಲ್ಲ. ಬುಧವಾರ ಎತ್ತಿಬಿಡುತ್ತಾರೆ ಅಂತ ಸುದ್ದಿ ತಿಳಿದು ಅವ್ವನನ್ನು ಕಲಬುರಗಿಗೆ ಕರೆದುಕೊಂಡು ಬಂದೆ. ಮ್ಯಾಟಿನಿ, ಒಳಗೆ ಹದಿನೈದೋ ಹದಿನಾರೋ ಜನ. ಅಕ್ಕನ ವಿಷಯ ನಾನು ಮೊದಲೇ ಹೇಳಿರಲಿಲ್ಲ. ಇಂಟರ್‌ವಲ್ಲಿಗೆ ಸ್ವಲ್ಪ ಮುಂಚೆ ಆ ದೃಶ್ಯ ಬಂತು. ಕತ್ತಲಲ್ಲಿ ಟಪ್ ಟಪ್ ಟಪ್... ಅವ್ವ ಮುಂದಕ್ಕೆ ಬಾಗಿದಳು. ನಾಯಕಿಯ ಮುಖ ಬಂತು, ಮತ್ತೆ ಕೈ, ಮತ್ತೆ ಮುಖ.

'ಈ ಕೈ ಆಕಿದಲ್ಲ ನೋಡು' ಅಂದಳು.

'ಮತ್ ಯಾರದವ್ವ?'

'ಯಾರದರ ಇರಲಿ. ಖರೇ ರೊಟ್ಟಿ ಬಡಿಯಾಕಿದು. ಹೆಬ್ಬೆಟ್ಟ ನೋಡಿಲ್ಲೇನು, ಸುಟ್ಟ ಕಲಿ ಅದ.'

ನಾನು ಎಷ್ಟೋ ಸಲ ಆ ಕೈಯನ್ನು ಹತ್ತಿರದಿಂದ ನೋಡಿದ್ದೆ, ಆ ಕೈ ಮುರಿದುಕೊಟ್ಟ ರೊಟ್ಟಿ ತಿಂದಿದ್ದೆ. ಹೆಬ್ಬೆಟ್ಟಿನ ಕಲೆ ನನಗೆ ಕಂಡಿರಲಿಲ್ಲ. ಆಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಸೇಡಂನಾಗ ಯಾ ಓಣಿ, ಯಾರ ಪೈಕಿ ಅಂತ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಲೇ ಬಂದಳು. ನನಗೆ ಹೆಸರೂ ಗೊತ್ತಿರಲಿಲ್ಲ. 'ಉಂಡೀ, ಹೆಸರ ಕೇಳಲಿಲ್ಲ' ಅಂದಳು.

ಗಾಡಿ ಮುಂದೆ ನಿಂತು ಇಬ್ಬರೂ ಸುಸಲಾ-ಮಿರ್ಚಿ ತಿಂದೆವು. ಸುಸಲಾಕ್ಕೆ ಉಪ್ಪು ಕಮ್ತಿ ಅಂತ ಅವ್ವ ಗಾಡಿಯವನ ಮುಖಕ್ಕೇ ಹೇಳಿದಳು. ಅವನು ಮತ್ತೊಂದು ಮಿರ್ಚಿ ಪುಕ್ಕಟೆ ಹಾಕಿದ.